ಹಲ್ಲಿನಕ್ಕ ತಗುಲಿಹಾಕಿದ ಹಲಗೆ

ನಮ್ಮ ಊರಿನ ಅರ್ಧದಷ್ಟು ಬಾಯಿಗಳು ಹಲ್ಲಿನಕ್ಕನಿಗೆ ಚೆನ್ನಾಗಿ ಪರಿಚಿತ. ಅವುಗಳ ಒಡೆಯರು ಯಾರೆಂಬುದು ಮಾತ್ರ ಆಕೆಗೆ ತಿಳಿಯದು. ದಂತವೈದ್ಯರು ಕಳಿಸಿಕೊಟ್ಟ ಪ್ಲಾಸ್ಟರ್ ಅಚ್ಚುಗಳು ಆಕೆಯ ಮೇಜಿನ ಮೇಲೆ ಸಾಲಾಗಿ ಬಾಯ್ದೆರೆದು ಕುಳಿತಿರುತ್ತವೆ. ತಳದಲ್ಲಿ ಪೆನ್ಸಿಲ್ಲಿನಿಂದ ಗೀಚಿದ ಒಂದು ಸಂಖ್ಯೆ, ಅಷ್ಟೇ ಗುರುತು. ಒಮ್ಮೆ ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸೊಬ್ಬರು ಆಕಳಿಸಿದಾಗ, "ಅಯ್ಯೋ, ಇವರು ನಮ್ಮೋರೇ!" ಎಂಬ ಉದ್ಗಾರ ಇವಳ ಬಾಯಿಂದ ಜಾರಿಬಿಟ್ಟಿತಂತೆ. ಆ ಹೆಂಗಸು ತನ್ನ ನಿಲ್ದಾಣ ಬರುವವರೆಗೂ ಕೈಚೀಲವನ್ನು ಎದೆಗವಚಿಕೊಂಡೇ ಕುಳಿತಿದ್ದರಂತೆ.

ಆಕೆಯ ಕಸುಬು ಹಲ್ಲು ಕಟ್ಟುವುದು. ಮುಖ್ಯರಸ್ತೆಯಿಂದ ಒಳಕ್ಕೆ ಸರಿದ ಒಂದು ಕಟ್ಟಡದ ಹಿಂಬದಿಯಲ್ಲಿ, ಉತ್ತರಕ್ಕೆ ಕಿಟಕಿಯಿರುವ ಕೋಣೆಯಲ್ಲಿ ಕೆಲಸ. ಗುಲಾಬಿ ಬಣ್ಣದ ಮೇಣವನ್ನು ಸಣ್ಣ ದೀಪದ ಮೇಲೆ ಹಿಡಿದು ಮೆತ್ತಗಾಗಿಸಿ ಒಸಡಿನ ಆಕಾರ ಕೊಡುವುದು, ಅದರಲ್ಲಿ ಒಂದೊಂದೇ ಹಲ್ಲನ್ನು ನೆಡುವುದು, ವೈದ್ಯರು ಒಪ್ಪಿದ ಮೇಲೆ ಮೇಣವನ್ನು ಕರಗಿಸಿ ತೆಗೆದು ಆ ಜಾಗಕ್ಕೆ ಅಕ್ರಿಲಿಕ್ ತುಂಬಿ ಬೇಯಿಸುವುದು, ಕಡೆಗೆ ತಿರುಗುವ ಬಟ್ಟೆಯ ಚಕ್ರಕ್ಕೆ ಒಡ್ಡಿ ಹೊಳಪು ಬರಿಸುವುದು. ಎಲ್ಲ ಹಲ್ಲನ್ನೂ ಒಂದೇ ಸಮನೆ ನೆಟ್ಟರೆ ಅದು ಕಟ್ಟಿಸಿದ ಹಲ್ಲೆಂದು ದೂರದಿಂದಲೇ ತಿಳಿದುಬಿಡುತ್ತದೆ. ಆದ್ದರಿಂದ ಒಂದನ್ನು ಕೂದಲೆಳೆಯಷ್ಟು ಓರೆಯಾಗಿಸುತ್ತಾಳೆ. "ಹಲ್ಲು ಎಷ್ಟು ಚೆನ್ನಾಗಿದೆ ಅಂತ ಯಾರಾದ್ರೂ ಹೊಗಳಿದ್ರೆ ಕೆಲಸ ಕೆಟ್ಟಿದೆ ಅಂತಲೇ ಲೆಕ್ಕ," ಎನ್ನುವುದು ಆಕೆಯ ಅಭಿಪ್ರಾಯ. "ಊಟ ಚೆನ್ನಾಗಿತ್ತು ಅನ್ನಬೇಕು. ಹಲ್ಲಿನ ನೆನಪೇ ಬರಬಾರದು."

ಹಾಡುವಾಗಲೂ ಆಕೆ ನಿಲ್ಲುವುದು ಇಂಥದೇ ಜಾಗದಲ್ಲಿ. ನಾವು ಐವರು ವಾರಕ್ಕೊಮ್ಮೆ ಸೇರಿ, ನಾಲ್ಕೈದು ಶತಮಾನಗಳ ಹಿಂದೆ, ಯುರೋಪಿನ ಪುನರುಜ್ಜೀವನದ ಕಾಲದಲ್ಲಿ, ವಾದ್ಯಗಳ ನೆರವಿಲ್ಲದೆ ಹಾಡಲೆಂದೇ ಬರೆದಿಟ್ಟ ಲ್ಯಾಟಿನ್ ಹಾಡುಗಳನ್ನು ಹಾಡುತ್ತೇವೆ. ಮುಂದೆ ನಿಂತು ಹಾಡುವವರೊಬ್ಬರು, ಹಿಂದಿನಿಂದ ದನಿಗೂಡಿಸುವವರು ಉಳಿದವರು ಎಂಬ ಏರ್ಪಾಡು ಇದರಲ್ಲಿಲ್ಲ. ಐದು ದನಿಗಳಿಗೂ ಐದು ದಾರಿ. ಒಬ್ಬರು ಹೊರಟ ಮೇಲೆ ಇನ್ನೊಬ್ಬರು ಹೊರಟು, ಒಬ್ಬರ ಕಾಲನ್ನೊಬ್ಬರು ತುಳಿಯದೆ ನಡೆದು, ಸಾಲಿನ ಕೊನೆಯಲ್ಲಿ ಒಂದೇ ಅಂಗಳಕ್ಕೆ ಬಂದು ಸೇರಬೇಕು. ಹಲ್ಲಿನಕ್ಕನದು ಮೇಲಿನಿಂದ ಎರಡನೆಯ ದನಿ. ಅದು ಇದ್ದಾಗ ಕೇಳುವವರ ಗಮನಕ್ಕೆ ಬಾರದು. ಆಕೆಗೆ ನೆಗಡಿಯಾದ ವಾರ ನಮ್ಮ ಹಾಡು ಗೋಡೆ ಕಳಚಿದ ಮನೆಯಂತಿರುತ್ತದೆ. ಇಂಥ ಸಂಗೀತ ರಕ್ತದೊತ್ತಡ ಇಳಿಸುತ್ತದೆ, ಮನಸ್ಸಿನ ಕಾಯಿಲೆ ವಾಸಿಮಾಡುತ್ತದೆ ಎಂದೆಲ್ಲ ಹೇಳುವವರಿದ್ದಾರೆ. ನನಗೆ ಒಪ್ಪುವಂಥ ಪುರಾವೆಯನ್ನು ಇದುವರೆಗೆ ಯಾರೂ ತೋರಿಸಿಲ್ಲ. ಶಾಲೆಯಲ್ಲಿ ಭೌತಶಾಸ್ತ್ರ ಪಾಠ ಹೇಳುವ ನಾನು ಅಲ್ಲಿಗೆ ಹೋಗುವುದು ಹಾಡುವುದಕ್ಕೆ, ಹಲ್ಲಿನಕ್ಕನ ಪಕ್ಕದಲ್ಲಿ ನಡುವಿನ ಗಂಡುದನಿಯಾಗಿ.

ಎಲ್ಲಕ್ಕಿಂತ ಕೆಳಗಿನ ದನಿ ಆಕೆಯ ಅಣ್ಣನದು. ಆತನನ್ನು ನಾವು ಕರೆಯುವುದು ಪಾತಾಳ ಎಂದು. ಲಿಫ್ಟ್ ಮೆಕ್ಯಾನಿಕ್; ಬೋಳುತಲೆ, ಅಗಲ ಎದೆ, ಗ್ರೀಸ್ ಕಲೆ ಪೂರ್ತಿ ಹೋಗದ ಉಗುರುಗಳು. ಆತ ಗುನುಗಿದರೆ ಅಡುಗೆಮನೆಯ ತಟ್ಟೆಗಳು ನಡುಗುತ್ತವೆ ಎನ್ನುವುದು ಆತನ ಹೆಂಡತಿಯ ದೂರು. ತಾಯಿತಂದೆ ಬೇಗ ಹೋದ ಮೇಲೆ ತಂಗಿಯನ್ನು ಬೆಳೆಸಿದವನು ಆತನೇ. ಹಲ್ಲಿನಕ್ಕ ಈಗಲೂ ಇರುವುದು ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ಆಕೆ ಅಣ್ಣನಿಗೆ ಬುತ್ತಿ ಒಯ್ಯುತ್ತಿದ್ದಳು. ಆಗಿನ್ನೂ ಕಟ್ಟುತ್ತಿದ್ದ ವಸತಿ ಕಟ್ಟಡವೊಂದರಲ್ಲಿ ಅಣ್ಣ ಲಿಫ್ಟಿನ ಬಾವಿಯ ತಳದಲ್ಲಿ ಸ್ಪ್ರಿಂಗ್ ಕೂರಿಸುತ್ತಿದ್ದರೆ, ತಂಗಿ ಮೇಲಿನ ಮಹಡಿಯ ಅಂಚಿನಿಂದ, "ಅಣ್ಣಾ, ಊಟ!" ಎಂದು ರಾಗವಾಗಿ ಕೂಗುತ್ತಿದ್ದಳು. ಕೆಳಗಿನಿಂದ ಅದೇ ರಾಗದಲ್ಲಿ ಉತ್ತರ ಬರುತ್ತಿತ್ತು. ಕ್ರಮೇಣ ಆ ಉತ್ತರ ಉದ್ದವಾಯಿತು, ಕೂಗೂ ಉದ್ದವಾಯಿತು, ಊಟ ಆರಿತು. ಕಟ್ಟಡಕ್ಕೆ ಮೊದಲು ಬಂದು ನೆಲೆಸಿದವರೊಬ್ಬರು ಒಂದು ದಿನ ಮೆಟ್ಟಿಲ ಮೇಲೆ ನಿಂತು ಇದನ್ನು ಕೇಳಿಸಿಕೊಂಡರು. ಭೂಮಾಪನ ಕಚೇರಿಯಲ್ಲಿ ನಕಾಶೆ ಬರೆಯುತ್ತಿದ್ದ ಅವರೇ ಇಂದಿಗೂ ನಮ್ಮ ಗುಂಪಿನ ಯಜಮಾನರು, ನಕಾಶೆ ಮೇಷ್ಟ್ರು.

ಪಾತಾಳನ ಕಸುಬಿನ ಒಂದು ನಿಯಮವನ್ನು ಇಲ್ಲಿಯೇ ಹೇಳಿಬಿಡಬೇಕು. ಕೆಟ್ಟ ಲಿಫ್ಟಿಗೆ ಕೈಹಾಕುವ ಮೊದಲು ಮೆಕ್ಯಾನಿಕ್ ವಿದ್ಯುತ್ ಕಡಿದು, ಸ್ವಿಚ್ಚಿಗೆ 'ದುರಸ್ತಿಯಲ್ಲಿದೆ' ಎಂಬ ಪುಟ್ಟ ತಗಡಿನ ಹಲಗೆಯನ್ನು ತಗುಲಿಹಾಕುತ್ತಾನೆ. ಆ ಹಲಗೆಯನ್ನು ತೆಗೆಯುವ ಅಧಿಕಾರ ತಗುಲಿಹಾಕಿದವನಿಗೆ ಮಾತ್ರ. ಮೇಲಧಿಕಾರಿ ಬಂದು ಕೂಗಾಡಲಿ, ಹತ್ತನೇ ಮಹಡಿಯ ಮಾಲೀಕರು ಸಾಮಾನು ಹಿಡಿದು ಕಾಯಲಿ, ಬೇರೆಯವರು ಮುಟ್ಟುವಂತಿಲ್ಲ. ಮುಟ್ಟಿದರೆ ಕೆಳಗೆ ಬಾವಿಯಲ್ಲಿರುವವನ ಜೀವ ಹೋಗಬಹುದು. ಈ ನಿಯಮವನ್ನು ಆತ ಮನೆಯಲ್ಲಿಯೂ ಪಾಲಿಸುತ್ತಿದ್ದ. ಹೆಂಡತಿ ಅರ್ಧಕ್ಕೆ ಬಿಟ್ಟು ಹೋದ ಹೊಲಿಗೆಯಂತ್ರದ ಮೇಲೆ ಒಂದು ನೂಲೆಳೆ ಅಡ್ಡಬಿದ್ದಿದ್ದರೂ ಎತ್ತುತ್ತಿರಲಿಲ್ಲ.

ಇನ್ನು ನಮ್ಮ ಗುಂಪಿನ ಒಂದು ಪದ್ಧತಿ. ಲ್ಯಾಟಿನ್ನಿನ ಎಷ್ಟೋ ಪದಗಳು 'ಸ್' ಎಂದು ಮುಗಿಯುತ್ತವೆ. ಐವರೂ ಆ ಸಕಾರವನ್ನು ಉಚ್ಚರಿಸಿದರೆ, ಯಾರದೋ ಒಂದು ಚೂರು ಮುಂದೆ, ಯಾರದೋ ಒಂದು ಚೂರು ಹಿಂದೆ ಆಗಿ, ಬಿಸಿ ಎಣ್ಣೆಗೆ ನೀರು ಬಿದ್ದಂತೆ ಚರಚರ ಸದ್ದು ಬರುತ್ತದೆ. ಆದ್ದರಿಂದ ನಾಲ್ವರು ಸ್ವರದಲ್ಲಿಯೇ ನಿಲ್ಲುತ್ತೇವೆ; ಪದದ ಕೊನೆಯ ಸಕಾರವನ್ನು ಒಬ್ಬರು ಮಾತ್ರ ಹೇಳುತ್ತಾರೆ. ಕೇಳುವವರಿಗೆ ಐವರೂ ಹೇಳಿದಂತೆಯೇ ಕೇಳಿಸುತ್ತದೆ. ಈ ಕೆಲಸಕ್ಕೆ ನಮ್ಮಲ್ಲಿ 'ಬಾಗಿಲು' ಎಂದು ಹೆಸರು. ಬಾಗಿಲು ಬಿದ್ದಮೇಲೆಯೇ ಉಳಿದವರು ಉಸಿರೆಳೆದುಕೊಳ್ಳುವುದು. ಅದಕ್ಕೆ ಮೊದಲು ನಿಲ್ಲಿಸುವುದು ದೊಡ್ಡ ಅಪರಾಧ. ಮೊದಲಿನಿಂದಲೂ ಬಾಗಿಲು ಪಾತಾಳನದು.

"ಲಿಫ್ಟ್ ಕೆಡೋದು ಹೆಚ್ಚಾಗಿ ಬಾಗಿಲಿಂದಾನೇ ಸ್ವಾಮಿ," ಎಂದು ಆತ ನಕಾಶೆ ಮೇಷ್ಟ್ರಿಗೆ ಹೇಳಿದ್ದನಂತೆ. "ಮುಚ್ಚೋದು ನನಗೆ ಬಿಡಿ. ನೀವು ಬರೀ ಮೇಲೆ ಕೆಳಗೆ ಓಡಾಡಿ."

ಆ ಬಾಗಿಲೇ ಕೆಟ್ಟಿತು. ಪಾತಾಳನ ಮೇಲಿನ ಸಾಲಿನ ಹಲ್ಲುಗಳು ಬಹುಕಾಲದಿಂದ ಅಲ್ಲಾಡುತ್ತಿದ್ದವು. ಒಸಡು ಕೀವುಗಟ್ಟಿ ಮುಖ ಊದಿಕೊಂಡಾಗ ವೈದ್ಯರು, ಇನ್ನು ಉಳಿಸುವಂಥದು ಏನೂ ಇಲ್ಲ, ಎಲ್ಲವನ್ನೂ ತೆಗೆಯಬೇಕು ಎಂದರು. ಆತ ಒಪ್ಪಲಿಲ್ಲ. ನೋವಿನ ಮಾತ್ರೆ ನುಂಗುತ್ತ, ಒಂದೇ ಕಡೆ ಅಗಿಯುತ್ತ ದಿನ ತಳ್ಳಿದ. ಕಡೆಗೆ ಆತನನ್ನು ಒಪ್ಪಿಸಿದವಳು ತಂಗಿ. ಆ ದಿನ ಮನೆಯಲ್ಲಿ ನಡೆದ ಮಾತುಕತೆಯನ್ನು ಆಕೆಯ ಅತ್ತಿಗೆ ನಮಗೆ ಅಭಿನಯ ಸಮೇತ ವರದಿ ಮಾಡಿದ್ದಾರೆ.

"ನೋಡೋ ಅಣ್ಣ, ಅವು ಹೇಗಿದ್ರೂ ಹೋಗೋವೇ. ನೀನಾಗಿ ಕಳಿಸಿದ್ರೆ ಮರ್ಯಾದೆಯಿಂದ ಹೋಗ್ತವೆ. ಇಲ್ಲಾಂದ್ರೆ ಒಂದೊಂದಾಗಿ ನಿನ್ನ ಪ್ರಾಣ ಹಿಂಡಿ ಹೋಗ್ತವೆ."

"ಕೀಳಿಸ್ಕೊಂಡ ಮೇಲೆ ಹಾಡೋಕಾಗದಿದ್ರೆ?"

"ಆಗುತ್ತೆ."

"ಆಗದಿದ್ರೆ ಅಂತ ಕೇಳಿದ್ದು ನಾನು."

"ಆಗದಿದ್ರೆ ಮನೇಲಿ ಸ್ವಲ್ಪ ನೆಮ್ಮದಿ ಇರುತ್ತೆ," ಎಂದರಂತೆ ಅತ್ತಿಗೆ. "ಕೀಳಿಸ್ಕೊಳ್ಳಿ ರೀ, ದಮ್ಮಯ್ಯ."

ಹಲ್ಲಿನಕ್ಕ ನಗಲಿಲ್ಲವಂತೆ. "ನಾನೇ ಕಟ್ಟಿಕೊಡ್ತೀನಿ. ನಾನು ಕಟ್ಟಿದ ಹಲ್ಲಲ್ಲಿ ನೀನು ಹಾಡೋಕಾಗದಿದ್ರೆ ನಾನೂ ಬಿಟ್ಟುಬಿಡ್ತೀನಿ. ಸಾಕಾ?"

"ಏ ಹುಚ್ಚಿ, ನೀನ್ಯಾಕೆ ಬಿಡಬೇಕು?"

"ಸಾಕಾ ಅಂತ ಕೇಳಿದೆ."

ಆತ ಸಾಕು ಎಂದ. ಹೀಗೆ ಐದು ದನಿಗಳಲ್ಲಿ ಎರಡು ಒಂದೇ ಪಣಕ್ಕೆ ಬಿದ್ದವು. ಎರಡು ಹೋದರೆ ಉಳಿಯುವ ಮೂವರನ್ನು ಗುಂಪು ಎನ್ನುವುದಕ್ಕಾಗದು.

ಗಾಯ ಮಾಯುವ ತಿಂಗಳುಗಳಲ್ಲಿ ಪಾತಾಳ ಅಭ್ಯಾಸಕ್ಕೆ ಬಂದು ಸುಮ್ಮನೆ ಕುಳಿತಿರುತ್ತಿದ್ದ. ನಾವು ಸೇರುವುದು ಔಷಧಿಯಮ್ಮನ ಅಂಗಡಿಯ ಹಿಂದಿನ ದಾಸ್ತಾನು ಕೋಣೆಯಲ್ಲಿ. ಔಷಧಿಯಮ್ಮ ನಮ್ಮ ಎಲ್ಲಕ್ಕಿಂತ ಮೇಲಿನ ದನಿ. ಅಂಗಡಿಯಲ್ಲಿ ಗಿರಾಕಿಗಳಿಗೆ ಗದರುವಾಗಲೂ ಅವರ ಸ್ವರ ಕದಲುವುದಿಲ್ಲ. ಹತ್ತಿ, ಬ್ಯಾಂಡೇಜುಗಳ ಪೆಟ್ಟಿಗೆಗಳು ಸೂರಿನವರೆಗೆ ಪೇರಿಸಿರುವ ಆ ಕೋಣೆ ಸದ್ದನ್ನು ಬಿದ್ದಲ್ಲೇ ಹೀರಿಕೊಳ್ಳುತ್ತದೆ. ತಪ್ಪುಗಳಿಗೆ ಅಡಗಿಕೊಳ್ಳಲು ಅಲ್ಲಿ ಮೂಲೆಯೇ ಇಲ್ಲ. ಅದೇ ಸಮಯಕ್ಕೆ ಊರಿನ ಹಳೆಯ ರೈಲುನಿಲ್ದಾಣದ ಟಿಕೆಟ್ ಸಭಾಂಗಣವನ್ನು ದುರಸ್ತಿ ಮಾಡಿ ಗ್ರಂಥಾಲಯಕ್ಕೆ ಒಪ್ಪಿಸಿದ್ದರು. ಅದರ ಬಾಗಿಲು ತೆರೆಯುವ ಸಂಜೆ ಹಾಡಲು ನಮ್ಮನ್ನು ಕರೆದಿದ್ದರು. ಎತ್ತರದ ಗುಮ್ಮಟ, ಕಲ್ಲಿನ ನೆಲ. ಒಂದು ಚಪ್ಪಾಳೆ ತಟ್ಟಿದರೆ ಅದು ಗುಮ್ಮಟಕ್ಕೆ ಹೋಗಿ ಸುತ್ತಾಡಿ ನಿಧಾನವಾಗಿ ಇಳಿದುಬರುವ ಜಾಗ. ಇಂಥ ಜಾಗಕ್ಕಾಗಿಯೇ ನಮ್ಮ ಹಾಡುಗಳನ್ನು ಬರೆದಿದ್ದರು. ಇಷ್ಟು ವರ್ಷ ನಾವು ಅವನ್ನು ಹತ್ತಿಯ ಪೆಟ್ಟಿಗೆಗಳಿಗೆ ಕೇಳಿಸುತ್ತಿದ್ದೆವು.

ಹೊಸ ಹಲ್ಲು ಹಾಕಿಕೊಂಡು ಪಾತಾಳ ಮೊದಲ ಬಾರಿ ಹಾಡಿದ ದಿನ ನಾವೆಲ್ಲ ಹಬ್ಬದ ಮುಖ ಹೊತ್ತು ಕಾದಿದ್ದೆವು. ಸಂಜೆಯನ್ನು ಕುರಿತ, ಬರೆದವನ ಹೆಸರು ಉಳಿಯದ ಹಾಡು. ಪ್ರತಿ ಚರಣವೂ 'ನೋಬಿಸ್' ಎಂಬ ಪದದಲ್ಲಿ, ಎಂದರೆ 'ನಮಗೆ' ಎಂಬಲ್ಲಿ, ಮುಗಿಯುತ್ತದೆ. ದನಿ ಮೊದಲಿನಂತೆಯೇ ಇತ್ತು, ನೆಲದಡಿಯಿಂದ ಬಂದಂತೆ. ನಾವು 'ನೋಬಿ' ಎಂದು ನಿಂತೆವು. ಪಾತಾಳ ಬಾಗಿಲು ಮುಚ್ಚಿದ. ಬಂದದ್ದು ಸಕಾರವಲ್ಲ, ಉದ್ದನೆಯ, ಚೂಪಾದ ಸಿಳ್ಳೆ.

"ಯಾರಾದ್ರೂ ಹೋಗಿ ಕುಕ್ಕರ್ ಇಳಿಸಿ ಬನ್ನಿ," ಎಂದರು ಔಷಧಿಯಮ್ಮ.

ಎಲ್ಲರೂ ನಕ್ಕೆವು; ಪಾತಾಳ ಎಲ್ಲರಿಗಿಂತ ಜೋರಾಗಿ ನಕ್ಕ. ಎರಡನೆಯ ಚರಣಕ್ಕೂ ಸಿಳ್ಳೆ ಬಂದಾಗ ನಗು ಕಡಿಮೆಯಾಯಿತು. ಮೂರನೆಯದಕ್ಕೆ ಆತ ಬಾಯಿಯನ್ನೇ ತೆರೆಯಲಿಲ್ಲ. ಹಲ್ಲಿನಕ್ಕ ತನ್ನ ಕೈಲಿದ್ದ ಹಾಳೆಯನ್ನು ನೋಡುತ್ತಲೇ ಇದ್ದಳು, ಅದರಲ್ಲಿ ಓದುವಂಥದು ಏನೂ ಉಳಿದಿರದಿದ್ದರೂ.

ಸಕಾರವೆಂಬುದು ಒಂದು ವಿಚಿತ್ರ ಸದ್ದು. ನಾಲಿಗೆ ಅಂಗುಳಿಗೆ ತೀರ ಹತ್ತಿರ ಬಂದು, ನಡುವೆ ಸಣ್ಣ ಕಾಲುವೆಯೊಂದನ್ನು ಬಿಡುತ್ತದೆ. ಅದರೊಳಗಿಂದ ನುಗ್ಗಿದ ಗಾಳಿ ಮುಂಬಲ್ಲಿನ ಅಂಚಿಗೆ ಬಡಿದು ಚದುರುತ್ತದೆ. ಆ ಜಾಗದಲ್ಲಿ ಅಕ್ರಿಲಿಕ್ ತುಸು ದಪ್ಪವಾದರೆ ಕಾಲುವೆ ಕಿರಿದಾಗಿ ಸಿಳ್ಳೆ. ತುಸು ತೆಳುವಾದರೆ ಕಾಲುವೆ ಅಗಲವಾಗಿ 'ಶ'. ನಡುವಿನ ಅಂತರ ಉಗುರಿನ ದಪ್ಪದಷ್ಟೂ ಇಲ್ಲ. ಹಲ್ಲಿನಕ್ಕ ಅಣ್ಣನನ್ನು ತನ್ನ ಮೇಜಿನ ಮುಂದಿನ ಸ್ಟೂಲಿನಲ್ಲಿ ಕೂರಿಸಿಕೊಂಡು, "ಸೊಸೆ, ಹಸು, ಬಸ್ಸು, ಸಾಸಿವೆ," ಎಂದು ಹೇಳಿಸಿ ಹೇಳಿಸಿ ಉಜ್ಜಿದಳು. ಸಿಳ್ಳೆ ಹೋಯಿತು. ವಾರದ ಅಭ್ಯಾಸದಲ್ಲಿ ಅದು ಮತ್ತೆ ಹಾಜರಾಯಿತು. ಮತ್ತೆ ಉಜ್ಜಿದಳು, ಸ್ಟೂಲಿನ ಮೇಲೆ ಎಲ್ಲ ಸರಿ, ಪೆಟ್ಟಿಗೆಗಳ ನಡುವೆ ನಿಂತರೆ ಸಿಳ್ಳೆ. ಒಮ್ಮೆ ಉಜ್ಜಿದ್ದು ಅತಿಯಾಗಿ 'ನೋಬಿಶ್' ಆಯಿತು. ಮೇಣ ಮೆತ್ತಿ ಮತ್ತೆ ತುಂಬಬೇಕಾಯಿತು.

"ನಿನ್ನ ಅಂಗಡೀಲಿ ಹಾಡ್ತೀನಿ ಬಿಡೇ ಇನ್ನು," ಎಂದ ಪಾತಾಳ. "ಆ ಪ್ಲಾಸ್ಟರ್ ಬಾಯಿಗಳೆಲ್ಲ ಕೇಳಿಸ್ಕೊಳ್ಳಲಿ. ಹೇಗೂ ಬಾಯಿ ಬಿಟ್ಕೊಂಡೇ ಕೂತಿವೆ."

ತಮಾಷೆ ಅಲ್ಲಿಗೇ ಮುಗಿಯಿತು. ಆ ಸಂಜೆ ಅಭ್ಯಾಸ ಮುಗಿದು ಔಷಧಿ ಅಂಗಡಿಯ ಮೆಟ್ಟಿಲಿಳಿಯುವಾಗ ಆತ ನಕಾಶೆ ಮೇಷ್ಟ್ರ ತೋಳು ಹಿಡಿದು ನಿಲ್ಲಿಸಿದ. "ಟಿಕೆಟ್ ಹಾಲ್‌ದು ಒಂದು ಮುಗಿಸಿಕೊಡ್ತೀನಿ. ಸಕಾರ ಎಲ್ಲಾ ನುಂಗಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ. ಆಮೇಲೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಮೇಷ್ಟ್ರೆ. ಬಾಗಿಲು ಹಾಕೋಕಾಗದೋನು ಬಾಗಿಲ ಹತ್ರ ನಿಂತು ಏನ್ ಮಾಡ್ಲಿ?"

ಮೇಷ್ಟ್ರು ಕಣ್ಣೆತ್ತಿ ನೋಡಿದರು. ಮೇಲಿನ ಮೆಟ್ಟಿಲಿನಲ್ಲಿ ಹಲ್ಲಿನಕ್ಕ ನಿಂತಿದ್ದಳು.

ನನ್ನಿಂದ ಆದ ಸಹಾಯ ಸಣ್ಣದು. ಸದ್ದನ್ನು ಗೆರೆಗಳಾಗಿ ತೋರಿಸುವ ಒಂದು ಸಾಧನ ನನ್ನ ಫೋನಿನಲ್ಲಿತ್ತು. ಅದನ್ನು ಹಲ್ಲಿನಕ್ಕನ ಮೇಜಿನ ಮೇಲೊಮ್ಮೆ, ಅಭ್ಯಾಸದ ಕೋಣೆಯಲ್ಲೊಮ್ಮೆ ಇಟ್ಟು ನೋಡಿದೆ. ಸಾಸಿವೆ, ಸೊಸೆ ಎನ್ನುವಾಗ ಸಕಾರದ ಗುರುತು ಪರದೆಯ ಮೇಲೆ ಹಿಟ್ಟು ಚೆಲ್ಲಿದಂತೆ ಹರಡಿಕೊಳ್ಳುತ್ತಿತ್ತು. ಸಕಾರ ಇರಬೇಕಾದದ್ದು ಹಾಗೆಯೇ. ಹಾಡಿನ ಕೊನೆಯ ಕೆಳಸ್ವರದ ಬೆನ್ನಿಗೆ ಬಂದ ಸಕಾರ ಮಾತ್ರ ಸೂಜಿಯಂಥ ಒಂಟಿ ಗೆರೆ. ಕೆಳಸ್ವರಕ್ಕೆ ಆತನ ದವಡೆ ಇಳಿದು ನಾಲಿಗೆ ಹಿಂದಕ್ಕೆ ಸರಿದಿರುತ್ತದೆ. ಅಲ್ಲಿಂದ ಅವಸರದಲ್ಲಿ ಮೇಲೆದ್ದ ನಾಲಿಗೆ ಮಾತಾಡುವಾಗಿನ ಜಾಗಕ್ಕೆ ಬರುವುದಿಲ್ಲ. ಇದು ನನ್ನ ಊಹೆ. ಹಲ್ಲಿನಕ್ಕ ಫೋನನ್ನು ಕಣ್ಣ ಹತ್ತಿರ ಹಿಡಿದು ಎರಡು ಗೆರೆಗಳನ್ನೂ ಬಹಳ ಹೊತ್ತು ನೋಡಿದಳು.

"ಅಂದ್ರೆ ಇವನಿಗೆ ಎರಡು ಬಾಯಿ ಇದೆ," ಎಂದಳು ಕಡೆಗೆ. "ನಾನು ಮಾತಿನ ಬಾಯಿಗೆ ಕಟ್ಟಿಕೊಟ್ಟಿದೀನಿ."

ಮರುವಾರ ಆಕೆ ಅಭ್ಯಾಸಕ್ಕೆ ಬಂದದ್ದು ಮೇಣದ ಪಟ್ಟಿ, ದೀಪ, ಪುಟ್ಟ ಚಾಕು ಸಮೇತ. ಅಣ್ಣನ ಮುಂಬಲ್ಲಿನ ಹಿಂದಿನ ಅಕ್ರಿಲಿಕ್ಕನ್ನು ಧಾರಾಳವಾಗಿಯೇ ಉಜ್ಜಿ ತೆಗೆದು, ಅಲ್ಲಿಗೆ ಮೇಣ ಮೆತ್ತಿದ್ದಳು.

"ಹಾಡು."

ಪಾತಾಳ ಹಾಡಿದ, ಸಿಳ್ಳೆ. ಕೈಚಾಚಿದಳು; ಆತ ಹಲ್ಲು ತೆಗೆದು ತಂಗಿಯ ಅಂಗೈಗಿಟ್ಟ. ಒಂದು ಎಳೆ ಕೆರೆದು ಕೊಟ್ಟಳು. "ಹಾಡು." ಈ ಕ್ರಮ ನಡೆಯುತ್ತಲೇ ಹೋಯಿತು. ಕೆಳಸ್ವರ ನಾವೆಲ್ಲ ಇದ್ದಾಗಿನಂತೆಯೇ ಬರಬೇಕೆಂದು ನಾಲ್ವರೂ ಪ್ರತಿ ಸಲ ಜೊತೆಗೆ ಹಾಡಬೇಕಿತ್ತು. ಮಾತ್ರೆ ಕೇಳಿಕೊಂಡು ಬಂದ ಗಿರಾಕಿಯೊಬ್ಬರು ಬಾಗಿಲ ಪರದೆ ಸರಿಸಿ ಇಣುಕಿದಾಗ, ಒಬ್ಬರ ಹಲ್ಲನ್ನು ಇನ್ನೊಬ್ಬರು ಕೆರೆಯುತ್ತಿದ್ದುದನ್ನೂ ಉಳಿದ ಮೂವರು ಗಂಭೀರವಾಗಿ ಬಾಯಿ ತೆರೆದು ನಿಂತದ್ದನ್ನೂ ಕಂಡು, ಮಾತ್ರೆ ಬೇಡವೆಂದು ಹೊರಟುಹೋದರು.

"ಹೋಯ್ತು ನನ್ನ ಗಿರಾಕಿ," ಎಂದರು ಔಷಧಿಯಮ್ಮ. "ಹೋಗ್ಲಿ. ಇನ್ನೊಂದ್ಸಲ."

ಆ ಇನ್ನೊಂದು ಸಲಕ್ಕೆ ಬಾಗಿಲು ಬಿತ್ತು. ಮೆತ್ತಗೆ, ಅಂಚು ಕಾಣದಂತೆ. ಪಾತಾಳ ತಾನೇ ನಂಬಲಾರದೆ ಮತ್ತೊಮ್ಮೆ, ಮಗದೊಮ್ಮೆ ಮುಚ್ಚಿ ನೋಡಿದ. ನಾಲ್ಕನೆಯ ಸಲಕ್ಕೆ ಮೇಣ ಬಾಯಿಯ ಬಿಸಿಗೆ ಮೆತ್ತಗಾಗಿ ಜಾರಿತು. ಅಷ್ಟು ಹೊತ್ತಿಗೆ ಹಲ್ಲಿನಕ್ಕನ ಬೆರಳಿಗೆ ಆಕಾರ ಸಿಕ್ಕಿತ್ತು. ಇಲ್ಲವೇ ಸಿಕ್ಕಿತೆಂದು ಆಕೆ ಭಾವಿಸಿದ್ದಳು.

ಮೇಣದಲ್ಲಿ ಬಂದದ್ದು ಅಕ್ರಿಲಿಕ್ಕಿನಲ್ಲಿ ಹಾಗೆಯೇ ಬರಬೇಕೆಂದಿಲ್ಲ. ಬೇಯುವಾಗ ಅದು ಕುಗ್ಗುತ್ತದೆ, ಹೊಳಪು ಕೊಡುವಾಗ ಇನ್ನಷ್ಟು ಹೋಗುತ್ತದೆ. ಹಲ್ಲು ಸಿದ್ಧವಾದದ್ದು ಸಭಾಂಗಣದಲ್ಲಿ ಹಾಡಬೇಕಾಗಿದ್ದ ದಿನವೇ. ಪಾತಾಳ ಅದನ್ನು ಹಾಕಿಕೊಂಡು ನೇರವಾಗಿ ಅಲ್ಲಿಗೆ ಬಂದ. ಸೇರಿ ಹಾಡಿ ನೋಡುವುದಕ್ಕೆ ಹೊತ್ತಿರಲಿಲ್ಲ. ಜನ ಆಗಲೇ ಬಂದು ಕುಳಿತಿದ್ದರು. ಹಳೆಯ ಟಿಕೆಟ್ ಕಿಂಡಿಗಳ ಹಿಂದಿನ ಇಕ್ಕಟ್ಟಾದ ಜಾಗದಲ್ಲಿ ನಾವು ಅಂಗಿಯ ಗುಂಡಿ ಸರಿಪಡಿಸಿಕೊಳ್ಳುತ್ತಿದ್ದಾಗ ಹಲ್ಲಿನಕ್ಕ ಔಷಧಿಯಮ್ಮನ ಕಡೆ ತಿರುಗಿದಳು.

"ಇವತ್ತು ಬಾಗಿಲು ನೀವೇ ಮುಚ್ಚಿಬಿಡಿ."

ಪಾತಾಳ ಕಾಲರಿನ ಮೇಲಿದ್ದ ಕೈಯನ್ನು ಇಳಿಸಿದ. "ಯಾಕೆ? ನಂಬಿಕೆ ಇಲ್ವೇನೇ?"

"ನಿನ್ನ ಮೇಲಿದೆ. ನನ್ನ ಕೈ ಮೇಲಿಲ್ಲ. ಅಷ್ಟು ಜನದ ಮುಂದೆ ಸಿಳ್ಳೆ ಬಂದ್ರೆ ನೀನು ಮತ್ತೆ ಬಾಯಿ ತೆಗೆಯಲ್ಲ, ನನಗೆ ಗೊತ್ತು."

"ಈಗ ಮಾತ್ರ ತೆಗೀತೀನಾ?"

ಔಷಧಿಯಮ್ಮ ಆಗಲಿ ಎಂದು ತಲೆಯಾಡಿಸಿ ಹಾಳೆಗಳನ್ನು ತರಲು ಅತ್ತ ಹೋದರು. ಆತ ಒಂದು ಕ್ಷಣ ತಂಗಿಯ ಮುಖ ನೋಡಿ, ಮತ್ತೆ ಕಾಲರು ಸರಿಮಾಡಿಕೊಂಡ. "ಸರಿ. ಹಲಗೆ ತಗುಲಿಸಿದೋಳು ನೀನು. ನೀನು ತೆಗೆಯೋವರೆಗೂ ನಾನು ಮುಟ್ಟಲ್ಲ."

ಹಾಡುಗಳು ಚೆನ್ನಾಗಿಯೇ ಹೋದವು. ಆ ಗುಮ್ಮಟದ ಕೆಳಗೆ ನಮ್ಮ ದನಿ ನಮ್ಮದೆಂದು ನಮಗೇ ಗುರುತು ಸಿಗಲಿಲ್ಲ. ಹಾಡಿದ ಸ್ವರ ಮೇಲೇರಿ ನಿಂತು ಮುಂದಿನ ಸ್ವರ ಬರುವವರೆಗೂ ಕಾಯುತ್ತಿತ್ತು. ಒಂದರ ಮೇಲೊಂದು ಅವು ಕೂಡಿಕೊಳ್ಳುವುದು ಕಣ್ಣಿಗೆ ಕಾಣುವಂತಿತ್ತು. ಔಷಧಿಯಮ್ಮ ಪ್ರತಿ ಬಾಗಿಲನ್ನೂ ಅಚ್ಚುಕಟ್ಟಾಗಿ ಮುಚ್ಚಿದರು. ಪಾತಾಳ ಸಕಾರಗಳನ್ನೆಲ್ಲ ನುಂಗಿ ಹಾಡುತ್ತಿದ್ದ. ಆತನ ಮುಖ ನೋಡಿದವರಿಗೆ, ಒಳ್ಳೆಯ ಊಟದ ಮುಂದೆ ಕುಳಿತ ರೋಗಿಯ ನೆನಪಾಗುವಂತಿತ್ತು.

ಆ ಮುಖವನ್ನು ಔಷಧಿಯಮ್ಮನೂ ನೋಡಿದ್ದರು. ಕೊನೆಯ ಹಾಡು, ಅದೇ ಸಂಜೆಯ ಹಾಡು, ಶುರುವಾಗುವ ಮುನ್ನ ಅವರು ತಮ್ಮಷ್ಟಕ್ಕೆ ಒಂದು ತೀರ್ಮಾನ ಮಾಡಿದ್ದರೆಂದು ಅವರೇ ಆಮೇಲೆ ಹೇಳಿದರು: ಕಟ್ಟಕಡೆಯ ಬಾಗಿಲನ್ನು ಪಾತಾಳನಿಗೇ ಬಿಡಬೇಕು, ನಾನು ತೆರೆದು ಬಿಟ್ಟರೆ ಆತ ಮುಚ್ಚದೆ ಇರುತ್ತಾನೆಯೇ? ಯಾರಿಗೂ ಹೇಳಲಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ್ದು. ಲಿಫ್ಟ್ ಮೆಕ್ಯಾನಿಕ್ಕನ ನಿಯಮ ಅವರಿಗೆ ತಿಳಿದಿರಲಿಲ್ಲ, ಅಷ್ಟೇ.

ಕೊನೆಯ ಚರಣ ಮುಗಿಯಿತು. 'ನೋಬಿ' ಎಂದು ಐವರೂ ಬಂದು ನಿಂತೆವು. ಸಕಾರ ಬರಲಿಲ್ಲ.

ಬಾಗಿಲು ಬೀಳುವವರೆಗೆ ಸ್ವರ ಬಿಡುವಂತಿಲ್ಲ, ಹಿಡಿದೆವು. ನಕಾಶೆ ಮೇಷ್ಟ್ರ ಹುಬ್ಬು ಏರಿತು. ಔಷಧಿಯಮ್ಮ ಪಾತಾಳನನ್ನು ನೋಡಿದರು. ಪಾತಾಳ ಎದುರಿನ ಗೋಡೆಯನ್ನು ನೋಡುತ್ತಿದ್ದ, ತನ್ನದಲ್ಲದ ಲಿಫ್ಟಿನ ಮುಂದೆ ಕೈಕಟ್ಟಿ ನಿಂತವನಂತೆ. ಅವರು ತಾವೇ ಮುಚ್ಚೋಣವೆಂದುಕೊಳ್ಳುವಷ್ಟರಲ್ಲಿ ಅವರ ಉಸಿರು ಮುಗಿದು ಮೇಲಿನ ದನಿ ಸದ್ದಿಲ್ಲದೆ ಕಳಚಿತು. ಹಿಂದೆಯೇ ಮೇಷ್ಟ್ರು. ಆಮೇಲೆ ನಾನು. ಉಳಿದದ್ದು ಎರಡು ದನಿ, ಅಣ್ಣನದು ಕೆಳಗೆ, ತಂಗಿಯದು ಮೇಲೆ. ಆ ಹಾಡಿನಲ್ಲಿ ಅವರಿಬ್ಬರೂ ಕೊನೆಯ ಸಾಲಿಗೆ ತಡವಾಗಿ ಸೇರುತ್ತಾರೆ, ಆದ್ದರಿಂದ ಉಸಿರು ಮಿಕ್ಕಿತ್ತು, ಇದರಲ್ಲಿ ಪವಾಡವೇನಿಲ್ಲ. ಆದರೂ ನಡುವೆ ಏನೂ ಇಲ್ಲದ ಆ ಎರಡು ದನಿಗಳನ್ನು ಕೇಳುತ್ತ ನನಗೆ, ನಾನೆಂದೂ ನೋಡಿರದ ಒಂದು ಲಿಫ್ಟಿನ ಬಾವಿ ಎಷ್ಟು ಆಳವಿದ್ದಿರಬಹುದೆಂದು ತಿಳಿಯಿತು.

ಹಲ್ಲಿನಕ್ಕ ಅಣ್ಣನ ಕಡೆಗೆ ತಿರುಗಿದಳು. ಹಾಡುವಾಗ ನಾವು ತಿರುಗುವುದಿಲ್ಲ. ಹಾಳೆ ಹಿಡಿದಿದ್ದ ಬಲಗೈಯನ್ನು ಬಿಡಿಸಿ, ತಲೆಯ ಎತ್ತರಕ್ಕೆ ಚಾಚಿ, ಗೋಡೆಯ ಮೊಳೆಯಿಂದ ಏನನ್ನೋ ಬಿಡಿಸಿಕೊಂಡಂತೆ ಮಾಡಿ ಕೈಯನ್ನು ಕೆಳಗಿಳಿಸಿದಳು.

ಪಾತಾಳ ಬಾಗಿಲು ಮುಚ್ಚಿದ.

ಸಿಳ್ಳೆಯಿಲ್ಲ, ಶಕಾರವಿಲ್ಲ. ಚೆನ್ನಾಗಿ ಎಣ್ಣೆ ಬಿಟ್ಟ ಬಾಗಿಲು ಚೌಕಟ್ಟಿಗೆ ಬಂದು ಕೂತಷ್ಟೇ ಸದ್ದು. ಅದು ಗುಮ್ಮಟಕ್ಕೆ ಏರಿತು, ತಿರುಗಿತು, ಇಳಿಯಿತು. ಐವರೂ ಒಟ್ಟಿಗೆ ಉಸಿರೆಳೆದುಕೊಂಡದ್ದು ಮುಂದಿನ ಸಾಲಿನವರಿಗೂ ಕೇಳಿಸಿರಬೇಕು.

ದನಿಗಳು ಒಂದೊಂದಾಗಿ ಹಿಂದೆ ಸರಿದು ಎರಡೇ ಉಳಿಯುವ ಆ ಮುಕ್ತಾಯ ಬಹಳ ಹಳೆಯ ಸಂಪ್ರದಾಯವಿರಬೇಕೆಂದು ಕೇಳುಗರೊಬ್ಬರು ನಕಾಶೆ ಮೇಷ್ಟ್ರ ಕೈಕುಲುಕಿ ಹೇಳಿದರು. ಮೇಷ್ಟ್ರು ಇಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ. ಟಿಕೆಟ್ ಕಿಂಡಿಗಳ ಹಿಂದೆ ಔಷಧಿಯಮ್ಮ ಮಾತ್ರ ಪಾತಾಳನನ್ನು ತರಾಟೆಗೆ ತೆಗೆದುಕೊಂಡಿದ್ದರು.

"ಪ್ರಾಣ ಹೋಗ್ತಿತ್ತು ನನಗೆ! ತೆರೆದ ಬಾಗಿಲು ಕಣ್ಣೆದುರಿಗಿದ್ರೂ ಮುಚ್ಚಬಾರದಾ ನೀವು?"

"ಹಲಗೆ ಇತ್ತಲ್ಲಮ್ಮ."

"ಯಾವ ಹಲಗೆ?"

"ಇವಳನ್ನ ಕೇಳಿ," ಎಂದ ಪಾತಾಳ. ಇವಳು ಅಣ್ಣನ ಗದ್ದ ಹಿಡಿದು, ಬಾಯಿ ತೆರೆಸಿ, ಬೆಳಕಿಗೆ ತಿರುಗಿಸಿ ಒಳಗೆ ನೋಡುತ್ತಿದ್ದಳು. "ಎಡಗಡೆ ಇನ್ನೂ ಒಂದೆಳೆ ತೆಗೀಬೇಕು," ಎಂದಳು. ಅತ್ತಿಗೆ ದೂರದಿಂದಲೇ ಕೂಗಿದರು: "ತೆಗೀಬೇಡ ಕಣೇ, ಹಾಗೇ ಇರ್ಲಿ! ತಟ್ಟೆ ನಡುಗಿದ್ರೂ ಪರವಾಗಿಲ್ಲ."

ಗ್ರಂಥಾಲಯದವರು ನಮ್ಮನ್ನು ಮತ್ತೆ ಕರೆದಿದ್ದಾರೆ. ಬಾಗಿಲು ಪಾತಾಳನಿಗೆ ಮರಳಿದೆ. ನಿಜವಾಗಿ ಬದಲಾದದ್ದು ಉತ್ತರದ ಕಿಟಕಿಯ ಆ ಕೋಣೆ. ಈಗ ಹಲ್ಲು ಬೇಯಿಸುವ ಮೊದಲು ಬಾಯಿಯ ಒಡೆಯರನ್ನು ಒಮ್ಮೆ ತನ್ನ ಬಳಿಗೆ ಕಳಿಸಬೇಕೆಂದು ಹಲ್ಲಿನಕ್ಕ ವೈದ್ಯರನ್ನು ಕೇಳಿಕೊಂಡಿದ್ದಾಳೆ. ಕೆಲವರು ಬರುತ್ತಾರೆ. ಮೊನ್ನೆ ನಾನು ಹೋದಾಗ ಸ್ಟೂಲಿನ ಮೇಲೆ ಬಸ್ಸಿನ ನಿವೃತ್ತ ಕಂಡಕ್ಟರೊಬ್ಬರು, ಮೇಣದಲ್ಲಿ ನೆಟ್ಟ ಹಲ್ಲು ಬಾಯಲ್ಲಿಟ್ಟುಕೊಂಡು, ಪರೀಕ್ಷೆಗೆ ಬಂದವರಂತೆ ಕುಳಿತಿದ್ದರು.

"ಮಾತಾಡಿದ್ದಾಯ್ತು. ಈಗ ಸ್ವಲ್ಪ ಹಾಡಿ," ಎಂದಳು ಹಲ್ಲಿನಕ್ಕ.

"ಹಾಡೋಕೆ ಬರಲ್ಲಮ್ಮ ನನಗೆ. ಜನ್ಮದಲ್ಲಿ ಹಾಡಿಲ್ಲ."

"ಬೈಯೋಕೆ ಬರುತ್ತಾ?"

ಅವರು ಸ್ವಲ್ಪ ನೇರವಾಗಿ ಕುಳಿತರು. "ಬಸ್ಸಲ್ಲಿ ಇದ್ದೋನು ನಾನು."

"ಹಾಗಾದ್ರೆ ಜೋರಾಗಿ ಬೈರಿ. ಸಂಕೋಚ ಬೇಡ."

ಮೆಟ್ಟಿಲಿಗೆ ಜೋತುಬಿದ್ದವರು, ಚಿಲ್ಲರೆ ತರದವರು, ಇಳಿಯುವ ಜಾಗ ದಾಟಿದ ಮೇಲೆ ಎದ್ದವರು, ಎಲ್ಲರೂ ಆ ಕೋಣೆಗೆ ಬಂದು ಬೈಸಿಕೊಂಡು ಹೋದರು. ಪ್ಲಾಸ್ಟರ್ ಬಾಯಿಗಳು ಬೆರಗಾದಂತೆ ಕೇಳಿಸಿಕೊಳ್ಳುತ್ತಿದ್ದವು. ಒಂದು ಸಕಾರದಲ್ಲಿ ಸಣ್ಣ ಸಿಳ್ಳೆ ಸುಳಿಯಿತು. ಹಲ್ಲಿನಕ್ಕ ಕೈಚಾಚಿ, ಇನ್ನೊಂದು ಕೈಯಿಂದ ದೀಪ ಹಚ್ಚಿದಳು.